ತಿಪ್ಪೆಗೂ ಒಂದು ಲೆಕ್ಕ ಬೇಕು

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ನೆಲ ಅಗೆದ ಬ್ರಿಟಿಷ್ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಅವರಿಗೆ ಕಂಡದ್ದು ದನಗಾಹಿಗಳ ಬದುಕು. ನವಶಿಲಾಯುಗದ ಆ ಜನ ದನಗಳನ್ನು ಬೇಲಿಯೊಳಗೆ ಕೂಡುತ್ತಿದ್ದರು. ದೊಡ್ಡಿಯಲ್ಲಿ ಕಾಲಕಾಲಕ್ಕೆ ಬಿದ್ದ ಸೆಗಣಿ ದಪ್ಪಗಾದ ಮೇಲೆ ಬೆಂಕಿ ಹಚ್ಚುತ್ತಿದ್ದರು. ಅದೇ ಜಾಗದಲ್ಲಿ ಮತ್ತೆ ದೊಡ್ಡಿ, ಮತ್ತೆ ಬೆಂಕಿ. ಹೀಗೆ ತಲೆಮಾರುಗಳ ಕಾಲ ಸುಟ್ಟು ಸುಟ್ಟು ಬೆಳೆದ ಬೂದಿ ದಿಬ್ಬಗಳು ರಾಯಚೂರು, ಬಳ್ಳಾರಿ, ಸುರಪುರ ಸೀಮೆಯಲ್ಲಿ ಅಲ್ಲಲ್ಲಿ ಇವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ಇಂದಿಗೂ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಅವೆಲ್ಲ ಸೆಗಣಿಯ ಬೂದಿ ಎಂಬುದನ್ನು ಆಲ್ಚಿನ್ 1957ರಲ್ಲಿ, ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದು ಗಟ್ಟಿಮಾಡಿದರು.

ಆ ದಿಬ್ಬಗಳಲ್ಲಿ ಸುಣ್ಣ, ರಂಜಕ ಉಳಿದಿವೆ. ಇಂಗಾಲ ಮಾತ್ರ ಹೊಗೆಯಾಗಿ ಹೋಗಿದೆ. ಇದೇ ಸೀಮೆಯಲ್ಲಿ ಈಗ ಸರ್ಕಾರ ರೈತರಿಗೆ ಹೇಳುತ್ತಿರುವುದು ಇದರ ತಿರುಗುಮುರುಗಾದ ಮಾತು: ಸೆಗಣಿ, ಹುಲ್ಲು, ಕಸ ಯಾವುದನ್ನೂ ಸುಡಬೇಡಿ, ಕೊಳೆಸಿ ಮಣ್ಣಿಗೆ ಸೇರಿಸಿ, ಗಾಳಿಯಲ್ಲಿ ಹೆಚ್ಚಾಗಿರುವ ಇಂಗಾಲದ ಒಂದು ಪಾಲು ನಿಮ್ಮ ಹೊಲದಲ್ಲೇ ನಿಲ್ಲಲಿ. ಮಾತು ಸರಿಯಾಗಿದೆ. ಆದರೆ ಅದರ ಹಿಂದೆ ಹರಿಯುತ್ತಿರುವ ಹಣ ಸರಿಯಾದ ಕಡೆಗೆ ಹೋಗುತ್ತಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ನೆಲವನ್ನು ಮುಂದಿಟ್ಟುಕೊಂಡು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ನಕ್ಷೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಈ ಮೂರು ತಾಲ್ಲೂಕುಗಳ ಬೇಸಾಯ ಮಾತ್ರ ಬೇರೆ ಬೇರೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. 1953ರಿಂದ ಕಾಲುವೆಗೆ ನೀರು ಬರತೊಡಗಿದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದವರು ಇಲ್ಲಿ ನೆಲ ಕೊಂಡು ಕ್ಯಾಂಪ್‌ಗಳನ್ನು ಕಟ್ಟಿದರು. ಯೋಜನೆ ಬರೆದವರ ಲೆಕ್ಕದಲ್ಲಿ ಈ ಅಚ್ಚುಕಟ್ಟಿನ ಬಹುಪಾಲು ಕಡಿಮೆ ನೀರಿನ ಬೆಳೆಗಳಿಗೆ ಮೀಸಲಾಗಿತ್ತು. ಮೇಲ್ಭಾಗದವರು ಭತ್ತ ಹಚ್ಚಿದರು, ಕೊನೆಯ ಭಾಗದವರು ನೀರಿಗಾಗಿ ಕಾದರು. ಆ ಜಗಳ ಇನ್ನೂ ಮುಗಿದಿಲ್ಲ. ಲಿಂಗಸುಗೂರಿನ ಕೆಲವು ಹಳ್ಳಿಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಿದೆ. ಉಳಿದದ್ದು ಮಳೆ ನಂಬಿದ ಹೊಲ: ಸಜ್ಜೆ, ತೊಗರಿ, ಹತ್ತಿ, ಸೂರ್ಯಕಾಂತಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಸಿಕ್ಕ ಊರು ಎಂದು ಹೆಸರಾದ ಮಸ್ಕಿ ಈಚೆಗೆ ತಾಲ್ಲೂಕಾಯಿತು. ಅಲ್ಲಿ ಕಾಲುವೆಯ ಗದ್ದೆಯೂ ಉಂಟು, ಬೆದ್ದಲು ಹೊಲವೂ ಉಂಟು.

ಮೂರೂ ಕಡೆ ಹೆಚ್ಚಾಗಿರುವುದು ಎರೆ ನೆಲ, ನಡುನಡುವೆ ಮಸಾರಿ. ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75ರ ತನಕ ‘ಮಧ್ಯಮ’, ಅದರಾಚೆ ‘ಹೆಚ್ಚು’ ಎಂದು ಬರೆಯುತ್ತಾರೆ. ಇಲ್ಲಿನ ಬೆದ್ದಲು ಹೊಲದ ಕಾರ್ಡುಗಳಲ್ಲಿ ‘ಕಡಿಮೆ’ ಎಂಬುದೇ ರೂಢಿಯ ಮಾತು. ನೂರು ಕಿಲೋ ಮಣ್ಣು ತೆಗೆದರೆ ಅದರಲ್ಲಿ ಅರ್ಧ ಕಿಲೋ ಇಂಗಾಲವೂ ಇಲ್ಲ ಎಂದು ಅದರರ್ಥ.

ಇಷ್ಟು ಕಡಿಮೆಯಾಗಲು ಬಿಸಿಲೊಂದೇ ಕಾರಣವಲ್ಲ. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂತು, ಕೊಟ್ಟಿಗೆ ಖಾಲಿಯಾಯಿತು, ತಿಪ್ಪೆ ಕುಗ್ಗಿತು. ಇದ್ದ ಸೆಗಣಿಯಲ್ಲೂ ಒಂದು ಪಾಲು ಕುಳ್ಳಾಗಿ ಒಲೆಗೆ ಹೋಯಿತು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಯೂ ಒಲೆಗೇ. ರೋಟವೇಟರ್ ಮಣ್ಣನ್ನು ಹುಡಿ ಮಾಡಿದಷ್ಟೂ ಒಳಗಿದ್ದ ಇಂಗಾಲಕ್ಕೆ ಗಾಳಿ ತಾಗಿ ಬೇಗ ಕರಗಿತು. ದೊಡ್ಡ ಮಳೆಗೆ ಮೇಲ್ಮಣ್ಣು ಹಳ್ಳ ಹಿಡಿದು ಹೋಯಿತು. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಸುಮಾರು 105 ಟಿಎಂಸಿ. ಆ ಜಾಗ ತುಂಬಿರುವುದು ಮೇಲಿನ ಊರುಗಳ ಮಣ್ಣು.

ಎರೆ ನೆಲಕ್ಕೆ ಇಂಗಾಲ ಬೇಕಾಗುವುದು ಹವಾಮಾನ ಬದಲಾವಣೆ ತಡೆಯಲಿಕ್ಕೆ ಮಾತ್ರವಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಎರೆ ಮಣ್ಣು ಹಸಿಯಾದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಕೊಳೆತ ಗೊಬ್ಬರ ಸೇರಿದ ಎರೆ ಹರಳು ಹರಳಾಗಿ ಬಿಡಿಸಿಕೊಳ್ಳುತ್ತದೆ, ಮೊದಲ ಮಳೆ ಮೇಲೆ ಹರಿಯದೆ ಒಳಗೆ ಇಳಿಯುತ್ತದೆ, ಬಿತ್ತಿದ ಬೀಜದ ಮೇಲೆ ಮಣ್ಣು ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಮಳೆ ಹದಿನೈದು ದಿನ ಕೈಕೊಟ್ಟಾಗ ಗೊಬ್ಬರ ಕಂಡ ಹೊಲದ ತೊಗರಿ ಹೆಚ್ಚು ದಿನ ತಡೆಯುತ್ತದೆ. ರೈತನಿಗೆ ಇಂಗಾಲ ಎಂದರೆ ಇದು. ಪ್ಯಾರಿಸ್ಸಿನಲ್ಲಿ ಕುಳಿತು ಮಾಡಿದ ಹವಾಮಾನ ಒಪ್ಪಂದಕ್ಕೂ ಲಿಂಗಸುಗೂರಿನ ರೈತನ ಲಾಭಕ್ಕೂ ಒಂದೇ ವಸ್ತು ಆಧಾರವಾಗಿರುವುದು ಅಪರೂಪದ ಸಂಗತಿ. ಅದನ್ನು ಹಾಳುಮಾಡಿಕೊಳ್ಳಬಾರದು.

ಸರ್ಕಾರದ ಕಡೆಯಿಂದ ಪ್ರಯತ್ನ ಹೊಸದಲ್ಲ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. 2009ರಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ ನಡೆಸಿದ ‘ಭೂಚೇತನ’ ಮಣ್ಣಿನಲ್ಲಿ ಸತು, ಬೋರಾನ್, ಗಂಧಕ ಎಷ್ಟು ಬರಿದಾಗಿವೆ ಎಂಬುದನ್ನು ತೋರಿಸಿತು. 2013-14ರಲ್ಲಿ ‘ಸಾವಯವ ಭಾಗ್ಯ’ ಬಂತು. 2015ರ ಫೆಬ್ರುವರಿಯಲ್ಲಿ ಕೇಂದ್ರದ ಮಣ್ಣು ಆರೋಗ್ಯ ಕಾರ್ಡ್, ಅದೇ ವರ್ಷ ಪರಂಪರಾಗತ ಕೃಷಿ ವಿಕಾಸ ಯೋಜನೆ. ಉದ್ಯೋಗ ಖಾತರಿಯ ಹಣದಲ್ಲಿ ಹಳ್ಳಿ ಹಳ್ಳಿಯಲ್ಲಿ ಎರೆಹುಳು ತೊಟ್ಟಿಗಳು ಎದ್ದವು. ರೈತ ಸಂಪರ್ಕ ಕೇಂದ್ರಗಳಲ್ಲಿ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು, ಡಯಾಂಚ ಬೀಜಕ್ಕೆ ರಿಯಾಯಿತಿ ಸಿಕ್ಕಿತು.

ಇವುಗಳ ಮೇಲೆ 2023ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ‘ಪಿಎಂ-ಪ್ರಣಾಮ್’. ಒಂದು ರಾಜ್ಯ ಯೂರಿಯಾ, ಡಿಎಪಿ ಬಳಕೆಯನ್ನು ಹಿಂದಿನ 3 ವರ್ಷಗಳ ಸರಾಸರಿಗಿಂತ ಇಳಿಸಿದರೆ, ಉಳಿದ ಸಬ್ಸಿಡಿಯ ಅರ್ಧ ಆ ರಾಜ್ಯಕ್ಕೆ. ಅದರ ಜೊತೆಗೇ ಒಪ್ಪಿದ ಇನ್ನೊಂದು ಬಾಬ್ತು 1,451.84 ಕೋಟಿ ರೂಪಾಯಿಯದು: ಬಯೋಗ್ಯಾಸ್ ಘಟಕಗಳಿಂದ ಬರುವ ಸಾವಯವ ಗೊಬ್ಬರಕ್ಕೆ ಮಾರುಕಟ್ಟೆ ನೆರವೆಂದು ಟನ್ನಿಗೆ 1,500 ರೂಪಾಯಿ. ನಗರದ ಕಸದ ಕಾಂಪೋಸ್ಟಿಗೆ 2016ರಿಂದಲೇ ಇಂಥದೇ ನೆರವು ಇತ್ತು.

ನನ್ನ ತಕರಾರು ಇರುವುದು ಈ 1,500 ರೂಪಾಯಿಯ ಮೇಲೆ. ಅದು ಸೇರುವುದು ಗೊಬ್ಬರ ಮಾಡಿ ಚೀಲಕ್ಕೆ ತುಂಬಿ ಮಾರುವವರಿಗೆ. ಘಟಕಗಳು ಬೇಡ ಎನ್ನುತ್ತಿಲ್ಲ. ಬೆಂಗಳೂರಿನಂಥ ಊರಿನ ಕಸ ಕೊಳೆತು ಗೊಬ್ಬರವಾಗುವುದು ಎಲ್ಲರಿಗೂ ಒಳಿತು. ಆದರೆ ಮಸ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ ಎರಡು ಎಮ್ಮೆ, ನಾಲ್ಕು ಆಕಳು ಕಟ್ಟಿದ ಮನೆಯ ಹೆಣ್ಣುಮಗಳು ದಿನಾ ಬೆಳಗ್ಗೆ ಹೆಂಡಿ ಬಾಚಿ, ಬುಟ್ಟಿಯಲ್ಲಿ ಹೊತ್ತು, ತಿಪ್ಪೆಗೆ ಹಾಕಿ ವರ್ಷಕ್ಕೆ ನಾಲ್ಕಾರು ಟನ್ ಗೊಬ್ಬರ ಮಾಡುತ್ತಾಳೆ. ಅದಕ್ಕೆ ಬಿಲ್ಲಿಲ್ಲ, ಚೀಲವಿಲ್ಲ, ಬ್ರ್ಯಾಂಡಿಲ್ಲ. ಆದ್ದರಿಂದ ನೆರವೂ ಇಲ್ಲ. ಎಕರೆಗೆ 4 ಟನ್ ಹಾಕುವುದಾದರೆ ಚೀಲದ ಗೊಬ್ಬರಕ್ಕೆ ಸರ್ಕಾರ ಕೊಡುವುದು 6,000 ರೂಪಾಯಿ, ತಿಪ್ಪೆಯ ಗೊಬ್ಬರಕ್ಕೆ ಸೊನ್ನೆ. ಮಣ್ಣಿನಲ್ಲಿ ನಿಲ್ಲುವ ಇಂಗಾಲಕ್ಕೆ ಈ ಭೇದ ಗೊತ್ತಿಲ್ಲ.

ರೈತ ಗೊಬ್ಬರ ಹಾಕುವುದಿಲ್ಲ ಎಂದು ದೂರುವವರು ಒಂದು ಸರಳ ಲೆಕ್ಕ ನೋಡಬೇಕು. 45 ಕಿಲೋ ಯೂರಿಯಾ ಚೀಲದಲ್ಲಿ ಶೇ 46ರಂತೆ ಸುಮಾರು 20.7 ಕಿಲೋ ಸಾರಜನಕ ಇರುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5 ಎಂದು ಹಿಡಿದರೆ, ಅಷ್ಟೇ ಸಾರಜನಕಕ್ಕೆ 4 ಟನ್ನಿಗೂ ಮೀರಿ ಗೊಬ್ಬರ ಬೇಕು. ಯೂರಿಯಾ ಚೀಲ 266 ರೂಪಾಯಿ 50 ಪೈಸೆ, ಒಬ್ಬನೇ ಹೆಗಲ ಮೇಲೆ ಹೊರುತ್ತಾನೆ. ಗೊಬ್ಬರಕ್ಕೆ ಟ್ರ್ಯಾಕ್ಟರ್ ಬಾಡಿಗೆ, ತುಂಬುವ ಕೂಲಿ, ಹೊಲದಲ್ಲಿ ಹರಡುವ ಕೂಲಿ. ಸಾರಜನಕಕ್ಕಾಗಿ ಗೊಬ್ಬರ ಹಾಕಿ ಎಂದು ಹೇಳುತ್ತಿದ್ದರೆ ಯಾವ ರೈತನೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ತಿಪ್ಪೆ ಗೊಬ್ಬರದ ಬೆಲೆ ಅದರ ಇಂಗಾಲದಲ್ಲಿದೆ. ಆ ಬೆಲೆಯನ್ನು ಇದುವರೆಗೆ ಯಾರೂ ಅವನಿಗೆ ಕೊಟ್ಟಿಲ್ಲ.

ಹಾಗಾದರೆ ಎಷ್ಟು ನಿಲ್ಲುತ್ತದೆ? ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 800 ಟನ್. ಅದರಲ್ಲಿ ಇಂಗಾಲ ಶೇ 0.1ರಷ್ಟು ಏರಬೇಕಾದರೆ 800 ಕಿಲೋ ಇಂಗಾಲ ಉಳಿಯಬೇಕು. ಗಾಳಿಯ ಲೆಕ್ಕದಲ್ಲಿ ಅದು ಸುಮಾರು 2.9 ಟನ್ ಇಂಗಾಲದ ಡೈಆಕ್ಸೈಡ್. 4 ಟನ್ ಗೊಬ್ಬರದಲ್ಲಿ ಇಂಗಾಲ ಶೇ 15 ಎಂದುಕೊಳ್ಳೋಣ, 600 ಕಿಲೋ ಆಯಿತು. ಅದರಲ್ಲಿ ಬಹುಪಾಲನ್ನು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡುತ್ತವೆ. ಹತ್ತರಲ್ಲಿ ಒಂದು ಪಾಲು ನಿಂತರೆ ವರ್ಷಕ್ಕೆ 60 ಕಿಲೋ. ಅಂದರೆ 0.1 ಏರಲು 13 ವರ್ಷ, ಅದೂ ಒಂದು ವರ್ಷವೂ ತಪ್ಪಿಸದೆ ಹಾಕಿದರೆ.

ನಿಧಾನ ಎನಿಸಬಹುದು. ಆದರೆ 2015ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಹವಾಮಾನ ಸಮ್ಮೇಳನದ ಹೊತ್ತಿಗೆ ಫ್ರಾನ್ಸ್ ಮುಂದಿಟ್ಟ ‘ಸಾವಿರಕ್ಕೆ ನಾಲ್ಕು’ ಎಂಬ ಗುರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಣ್ಣಿನಲ್ಲಿರುವ ಇಂಗಾಲ ಪ್ರತಿ ವರ್ಷ ಸಾವಿರಕ್ಕೆ ನಾಲ್ಕರಷ್ಟು ಹೆಚ್ಚಬೇಕು ಎಂಬುದು ಆ ಗುರಿ. ಶೇ 0.4 ಇಂಗಾಲವಿರುವ ನಮ್ಮ ಎಕರೆಯಲ್ಲಿ ಈಗ 3.2 ಟನ್ ಇದೆ. ಸಾವಿರಕ್ಕೆ ನಾಲ್ಕು ಎಂದರೆ ವರ್ಷಕ್ಕೆ 13 ಕಿಲೋ. ಗೊಬ್ಬರ ಕಾಣುವ ಹೊಲ ಅದನ್ನು ದಾಟುತ್ತದೆ. ಬರಿದಾದ ನೆಲಕ್ಕೆ ತುಂಬಿಕೊಳ್ಳುವ ಜಾಗ ಹೆಚ್ಚು, ಮತ್ತು ಎರೆಯ ಜಿಗುಟು ಜೇಡಿ ಇಂಗಾಲವನ್ನು ಹಿಡಿದಿಡುವುದರಲ್ಲಿ ಮಸಾರಿಗಿಂತ ಗಟ್ಟಿ. ತೊಡಕಿರುವುದು ಬೇರೆ ಕಡೆ: ಎಲ್ಲ ಎಕರೆಗೂ ವರ್ಷಕ್ಕೆ 4 ಟನ್ ಗೊಬ್ಬರ ಎಲ್ಲಿಂದ ತರುವುದು?

ಅದಕ್ಕೆ ಮುಂಚೆ, ಹಾಕಿದ ಇಂಗಾಲ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನೂ ನೋಡೋಣ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರಾಥಮ್‌ಸ್ಟೆಡ್‌ನ ಹೂಸ್‌ಫೀಲ್ಡ್ ಹೊಲದ ಒಂದು ತುಂಡಿಗೆ 1852ರಿಂದ 1871ರ ತನಕ ವರ್ಷಕ್ಕೆ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ ಹಾಕಿದರು. ಆಮೇಲೆ ಒಂದು ಬುಟ್ಟಿಯನ್ನೂ ಹಾಕಿಲ್ಲ. ಒಂದೂವರೆ ಶತಮಾನ ಕಳೆದರೂ ಎಂದೂ ಗೊಬ್ಬರ ಕಾಣದ ಪಕ್ಕದ ತುಂಡಿಗಿಂತ ಅಲ್ಲಿ ಇಂಗಾಲ ಹೆಚ್ಚೇ ಇದೆ. ಈ ಕತೆ ಕೇಳಿ ಹಿಗ್ಗುವಾಗ ಒಂದು ಎಚ್ಚರ ಬೇಕು. ಅಲ್ಲಿನ ಚಳಿ ಬೇರೆ, ನಮ್ಮ ಬಿಸಿಲು ಬೇರೆ. ನೈಜೀರಿಯಾದಲ್ಲಿ ನಡೆದ ಒಂದು ಪ್ರಯೋಗ ಅಲ್ಲಿನ ಮಣ್ಣಿನಲ್ಲಿ ಹುಲ್ಲು ಕೊಳೆಯುವ ವೇಗ ಇಂಗ್ಲೆಂಡಿಗಿಂತ ನಾಲ್ಕು ಪಟ್ಟು ಎಂದು 1977ರಲ್ಲೇ ತೋರಿಸಿತು. ರಾಯಚೂರು ಜಿಲ್ಲೆಯ ಮಣ್ಣಿನಲ್ಲಿ ಇಂಗಾಲ ನಿಲ್ಲಬೇಕಾದರೆ ಹಾಕುವುದು ನಿಲ್ಲಬಾರದು. ಎರಡು ವರ್ಷ ಹಣ ಕೊಟ್ಟು ಮುಗಿಯುವ ಯೋಜನೆ ಇಲ್ಲಿ ಹೆಚ್ಚು ದೂರ ಹೋಗದು. ಕೊಯಮತ್ತೂರಿನಲ್ಲಿ 1909ರಿಂದ ನಡೆಯುತ್ತಿರುವ ಗೊಬ್ಬರದ ಪ್ರಯೋಗವಾಗಲಿ, 1970ರ ದಶಕದಿಂದ ದೇಶದ ಹಲವು ಕೃಷಿ ವಿಶ್ವವಿದ್ಯಾಲಯಗಳಲ್ಲಿ ನಡೆದ ದೀರ್ಘಾವಧಿ ಪ್ರಯೋಗಗಳಾಗಲಿ ಕಲಿಸಿದ್ದು ಇದನ್ನೇ. ರಾಸಾಯನಿಕ ಗೊಬ್ಬರವನ್ನು ಹದವಾಗಿ ಕೊಟ್ಟು, ಜೊತೆಗೆ ಪ್ರತಿ ವರ್ಷ ಕೊಟ್ಟಿಗೆ ಗೊಬ್ಬರ ಹಾಕಿದ ತುಂಡುಗಳಲ್ಲೇ ಇಳುವರಿಯೂ ಇಂಗಾಲವೂ ಒಟ್ಟಿಗೆ ಉಳಿದವು.

ಇನ್ನು ಸಿಂಧನೂರಿನ ಗದ್ದೆಗೆ ಬರೋಣ. ‘ಸಾವಯವ ಗೊಬ್ಬರ ಹಾಕಿ’ ಎಂಬ ಒಂದೇ ಸಲಹೆಯನ್ನು ಬೆದ್ದಲು ಹೊಲಕ್ಕೂ ನೀರು ನಿಂತ ಗದ್ದೆಗೂ ಕೊಡುವುದು ತಪ್ಪು. ನೀರು ನಿಂತ ಕೆಸರಿನಲ್ಲಿ ಗಾಳಿ ಇಲ್ಲ. ಅಲ್ಲಿ ಹಸಿ ಹುಲ್ಲು ಕೊಳೆತರೆ ಮೀಥೇನ್ ಏಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 27 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿ 2019ರಲ್ಲಿ ಪರಿಷ್ಕರಿಸಿದ ಕೈಪಿಡಿ ಇದಕ್ಕೊಂದು ಅಳತೆ ಕೊಡುತ್ತದೆ. ನಾಟಿಗೆ ಮುಂಚಿನ ಒಂದು ತಿಂಗಳೊಳಗೆ ಸೇರಿಸಿದ ಹುಲ್ಲಿಗೆ 1 ಅಂಕ ಎಂದಾದರೆ, ಹಸಿರೆಲೆ ಗೊಬ್ಬರಕ್ಕೆ 0.45, ಕೊಟ್ಟಿಗೆ ಗೊಬ್ಬರಕ್ಕೆ 0.21, ಚೆನ್ನಾಗಿ ಕೊಳೆತ ಕಾಂಪೋಸ್ಟಿಗೆ 0.17. ಒಂದು ತಿಂಗಳಿಗೂ ಮೊದಲೇ ಉತ್ತು ಸೇರಿಸಿದರೆ ಅದೇ ಹುಲ್ಲಿನ ಅಂಕ 0.19ಕ್ಕೆ ಇಳಿಯುತ್ತದೆ. ಯಾವ ಗೊಬ್ಬರ ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ. ಕಾಲುವೆಗೆ ನೀರು ಬಿಡುವ ದಿನಾಂಕ ಇಲ್ಲಿ ಗೊಬ್ಬರದ ದಿನಾಂಕವನ್ನೂ ನಿರ್ಧರಿಸುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಹಂಚುವ ಕರಪತ್ರದಲ್ಲಿ ಇರಬೇಕಾದ ಮಾತು ಇದು.

ಹಾಗೆಂದು ಹುಲ್ಲನ್ನು ಸುಡುವುದು ಇದಕ್ಕೆ ಉತ್ತರವಲ್ಲ. ಕಟಾವು ಯಂತ್ರ ಹೋದ ಮೇಲೆ ಗದ್ದೆಯಲ್ಲಿ ಸಾಲುಸಾಲಾಗಿ ಬಿದ್ದ ಹುಲ್ಲಿಗೆ, ಮುಂದಿನ ಬೆಳೆಯ ಅವಸರದಲ್ಲಿ ಬೆಂಕಿ ಬೀಳುತ್ತದೆ. 75 ಕಿಲೋದ 35 ಚೀಲ ಭತ್ತ ಬೆಳೆದ ಎಕರೆಯಲ್ಲಿ ಹುಲ್ಲೂ ಹೆಚ್ಚುಕಡಿಮೆ ಅಷ್ಟೇ, ಎರಡೂವರೆ ಟನ್. ಒಣ ಹುಲ್ಲಿನಲ್ಲಿ ಇಂಗಾಲ ಶೇ 40ರಂತೆ 1 ಟನ್. ಮೇಲೆ ಹೇಳಿದ 4 ಟನ್ ತಿಪ್ಪೆ ಗೊಬ್ಬರದಲ್ಲಿ ಇದ್ದದ್ದು 600 ಕಿಲೋ! ಹೊರಗಿನಿಂದ ಗೊಬ್ಬರ ತಂದು ಹಾಕಿ ಎಂದು ಹೇಳುವ ಊರಿನಲ್ಲೇ ಅದಕ್ಕಿಂತ ಹೆಚ್ಚು ಇಂಗಾಲ ಒಂದು ಸಂಜೆಯಲ್ಲಿ ಸುಟ್ಟು ಹೋಗುತ್ತಿದೆ. ಮೂರು ತಾಲ್ಲೂಕುಗಳಲ್ಲಿ ಎಲ್ಲಕ್ಕಿಂತ ಮೊದಲು ಹಣ ಹಾಕಬೇಕಾದ ಜಾಗ ನನ್ನ ಮಟ್ಟಿಗೆ ಇದೇ.

ಸಿಂಧನೂರಿನ ಹುಲ್ಲು ಲಿಂಗಸುಗೂರಿನ ಬಣವೆಗೆ ಹೋಗಲಿ. ಬರ ಬಿದ್ದ ವರ್ಷ ಒಣ ಸೀಮೆಯವರು ಮೇವಿಗೆ ಪರದಾಡುತ್ತಾರೆ, ದನ ಸಂತೆಗೆ ಹೊಡೆಯುತ್ತಾರೆ. ಒಮ್ಮೆ ಮಾರಿದ ದನ ಮತ್ತೆ ಕೊಟ್ಟಿಗೆಗೆ ಬರುವುದಿಲ್ಲ, ಅದರೊಂದಿಗೆ ತಿಪ್ಪೆಯೂ ಹೋಗುತ್ತದೆ. ಹುಲ್ಲನ್ನು ಪೆಂಡಿ ಕಟ್ಟುವ ಯಂತ್ರದ ಬಾಡಿಗೆ, 50-60 ಕಿಲೋಮೀಟರ್ ಸಾಗಣೆ, ಇವೆರಡಕ್ಕೆ ನೆರವು ಸಿಕ್ಕರೆ ಹುಲ್ಲು ಮೇವಾಗುತ್ತದೆ, ಮೇವು ಸೆಗಣಿಯಾಗುತ್ತದೆ, ಸೆಗಣಿ ಬರಿದಾದ ಹೊಲಕ್ಕೆ ಬೀಳುತ್ತದೆ. ಗದ್ದೆಯಲ್ಲಿ ಕೊಳೆತು ಮೀಥೇನ್ ಆಗುವುದೂ ತಪ್ಪುತ್ತದೆ. ಜಾನುವಾರುಗಳ ಹೊಟ್ಟೆಯಿಂದಲೂ ಮೀಥೇನ್ ಬರುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಆ ದನ ಹೇಗೂ ಇವೆ, ಏನನ್ನಾದರೂ ತಿನ್ನಲೇಬೇಕು.

ಸಿಂಧನೂರಿಗೆ ಇನ್ನೊಂದು ಕಷ್ಟವಿದೆ. ಎಪ್ಪತ್ತು ವರ್ಷ ನೀರು ನಿಲ್ಲಿಸಿದ್ದರ ಫಲವಾಗಿ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಒಂದು ಲಕ್ಷ ಹೆಕ್ಟೇರ್ ಹತ್ತಿರ ನೆಲ ಸವಳು-ಜವಳಾಗಿದೆ. ಬೆಳೆ ಬಾರದ ಸವಳಿನಲ್ಲಿ ಬೇರಿಲ್ಲ, ಎಲೆಯಿಲ್ಲ, ಇಂಗಾಲ ಎಲ್ಲಿಂದ ಬರಬೇಕು? ಅಲ್ಲಿ ಮೊದಲ ಕೆಲಸ ಬಸಿಗಾಲುವೆ. ಕ್ಷಾರ ಹೆಚ್ಚಿದ್ದರೆ ಜಿಪ್ಸಂ. ಆಮೇಲೆ ಸವಳು ತಡೆಯುವ ಡಯಾಂಚ ಬಿತ್ತಿ ಹೂವಾಡುವ ಮೊದಲು ಮಣ್ಣಿಗೆ ಮಗುಚುವುದು. ಬಸಿಗಾಲುವೆಗೆ ಹಾಕುವ ಹಣವನ್ನೂ ಇಂಗಾಲದ ಹಣ ಎಂದೇ ಎಣಿಸಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಈ ಭಾಗದಲ್ಲಿ ಹಬ್ಬಿಸಿದ ಕೂರಿಗೆ ಭತ್ತದ ಪದ್ಧತಿಯೂ ಹಾಗೆಯೇ. ಕೆಸರು ಮಾಡದೆ ಒಣ ನೆಲಕ್ಕೆ ನೇರ ಬಿತ್ತುವುದರಿಂದ ನೀರು ಉಳಿಯುತ್ತದೆ, ಮೀಥೇನ್ ಕಡಿಮೆ. ಕಳೆಯ ಕಾಟ ಹೆಚ್ಚು, ಅದನ್ನು ಮುಚ್ಚಿಡಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆಯ ನೀರು ಎಷ್ಟು ತೆಳುವಾದ ಭರವಸೆ ಎಂದು ಎಲ್ಲರಿಗೂ ಅರಿವಾಯಿತು. ಕಡಿಮೆ ನೀರಿನ ಭತ್ತ ಕಲಿಯಲು ಅದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಒಣ ಸೀಮೆಯಲ್ಲಿ ಗೊಬ್ಬರದ ಹಳೆಯ ದಾರಿಗಳು ಇನ್ನೂ ಪೂರ್ತಿ ಮುಚ್ಚಿಲ್ಲ. ಸುಗ್ಗಿ ಮುಗಿದ ಮೇಲೆ ಕುರಿ ಮಂದೆಗಳು ಬರುತ್ತವೆ. ಹೊಲದ ಯಜಮಾನ ಕುರಿಗಾರರಿಗೆ ಕಾಳು, ಹಣ ಕೊಟ್ಟು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾನೆ. ಹಿಕ್ಕೆ, ಉಚ್ಚೆ ಎರಡೂ ನೇರ ಮಣ್ಣಿಗೆ. ಹೊರುವ ಕೂಲಿ ಇಲ್ಲ, ಟ್ರ್ಯಾಕ್ಟರ್ ಇಲ್ಲ. ಬೇಸಿಗೆಯಲ್ಲಿ ಕೆರೆಯ ಗೋಡು ತೆಗೆದು ಹೊಲಕ್ಕೆ ಹೊಡೆಯುವುದೂ ಇದೆ. ಮಳೆ ಕದ್ದೊಯ್ದ ಮೇಲ್ಮಣ್ಣನ್ನು ರೈತ ಹಾಗೆ ವಾಪಸು ತರುತ್ತಾನೆ. ಈ ಎರಡಕ್ಕೂ ಯಾವ ಗೊಬ್ಬರ ಯೋಜನೆಯಲ್ಲೂ ಟನ್ನಿಗೆ ಇಷ್ಟು ಎಂಬ ದರವಿಲ್ಲ. ಎಕರೆಗೆ ನಿಲ್ಲಿಸಿದ ಕುರಿ-ರಾತ್ರಿಗಳ ಲೆಕ್ಕದಲ್ಲಿ ನೆರವು ಕೊಡುವುದು ಕಷ್ಟವೇನಲ್ಲ. ಊರವರೆಲ್ಲ ಕಂಡ ಮಂದೆ ಅದು.

ಗೊಬ್ಬರದ ಜಾಗ ಬದಲಿಸುವುದೇ ಇಂಗಾಲ ಉಳಿಸಿದಂತಲ್ಲ ಎಂಬುದನ್ನೂ ನೆನಪಿಡಬೇಕು. ಒಣ ಸೀಮೆಯ ಬಡವ ಕೈಸಾಲಕ್ಕೆ ಸಿಕ್ಕು ತನ್ನ ತಿಪ್ಪೆಯನ್ನು ನೀರಾವರಿಯವನಿಗೆ ಮಾರಿದರೆ, ಕೊಂಡವನ ಹೊಲದ ಕಾರ್ಡಿನಲ್ಲಿ ಇಂಗಾಲ ಏರುತ್ತದೆ, ಮಾರಿದವನ ಹೊಲದಲ್ಲಿ ಇಳಿಯುತ್ತದೆ. ಒಟ್ಟು ಲೆಕ್ಕ ಸೊನ್ನೆ, ಟ್ರ್ಯಾಕ್ಟರಿನ ಡೀಸೆಲ್ ನಷ್ಟ. ಯಾರು ಎಷ್ಟು ಟನ್ ಕೊಂಡರು ಎಂದು ನೋಡಿ ಬಹುಮಾನ ಕೊಡುವ ಯೋಜನೆ ಈ ಮಾರಾಟವನ್ನು ಹೆಚ್ಚಿಸುತ್ತದೆ.

2024ರ ನವೆಂಬರ್‌ನಲ್ಲಿ 2,481 ಕೋಟಿ ರೂಪಾಯಿಗಳ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ ಒಪ್ಪಿಗೆ ಸಿಕ್ಕಿತು, ಗುರಿ 7.5 ಲಕ್ಷ ಹೆಕ್ಟೇರ್. ಇದರಲ್ಲಿ ರೈತನಿಗೇ ಎಕರೆ ಲೆಕ್ಕದಲ್ಲಿ ಹಣ ಕೊಡುವ ಏರ್ಪಾಡು ಇರುವುದು ಒಳ್ಳೆಯದು. ಆದರೆ ಇಂಗಾಲದ ವಿಷಯಕ್ಕೆ ಬಂದರೆ ನೈಸರ್ಗಿಕ ಕೃಷಿಯ ದ್ರವ ಗೊಬ್ಬರವಾದ ಜೀವಾಮೃತದ ಮೇಲೆ ಹೆಚ್ಚು ಭಾರ ಹಾಕಬಾರದು. ಒಂದು ಎಕರೆಯ 200 ಲೀಟರ್ ಜೀವಾಮೃತಕ್ಕೆ ಬೀಳುವುದು 10 ಕಿಲೋ ಹಸಿ ಸೆಗಣಿ. ಅದರಲ್ಲಿ ಬಹುಪಾಲು ನೀರು. ಇಂಗಾಲ ಒಂದು ಕಿಲೋ ಕೂಡ ಮುಟ್ಟದು. ಅದರಿಂದ ಬೇರೆ ಉಪಯೋಗ ಇರಬಹುದು. ಆ ಪದ್ಧತಿಯಲ್ಲಿ ಇಂಗಾಲ ಕೂಡಿಸುವ ಅಂಗ ಹೊದಿಕೆ, ಅಂದರೆ ಹೊಲದ ಕಸಕಡ್ಡಿಯನ್ನು ಹೊಲದ ಮೇಲೇ ಹರಡುವುದು. ದನಕ್ಕೂ ಒಲೆಗೂ ಅದೇ ಕಸಕಡ್ಡಿ ಬೇಕಾಗಿರುವ ಮಸ್ಕಿಯಂಥ ಕಡೆ ಅದೇ ಕಠಿಣ. ಒಲೆಗೆ ಗ್ಯಾಸ್ ಸಿಲಿಂಡರ್ ತುಂಬಿಸಲು ಮನೆಯವರ ಕೈಯಲ್ಲಿ ಹಣವಿದ್ದರೆ ಮಾತ್ರ ಕುಳ್ಳು ತಟ್ಟುವುದು ನಿಂತು ಸೆಗಣಿ ತಿಪ್ಪೆಗೆ ಹೋಗುತ್ತದೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯ ಮರುಭರ್ತಿಯ ದರಕ್ಕೂ ಲಿಂಗಸುಗೂರಿನ ಮಣ್ಣಿನ ಇಂಗಾಲಕ್ಕೂ ಹೀಗೆ ನೇರ ನಂಟಿದೆ.

ನೆಲದಲ್ಲಿ ನಿಂತದ್ದಕ್ಕೆ ಹಣ ಕೊಡಿ ಎಂದರೆ, ಅಳೆಯುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಮಣ್ಣು ಆರೋಗ್ಯ ಕಾರ್ಡಿಗೆ ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುತ್ತಾರೆ. ಅಂದರೆ ಲಿಂಗಸುಗೂರಿನ ಒಣ ಹೊಲದಲ್ಲಿ 25 ಎಕರೆಗೆ, ಐದಾರು ರೈತರಿಗೆ, ಒಂದೇ ಹಿಡಿ ಮಣ್ಣು ಸಾಕ್ಷಿ. ಅದರಲ್ಲಿ ಒಬ್ಬ ಮಾತ್ರ ಹತ್ತು ವರ್ಷ ಗೊಬ್ಬರ ಹೊತ್ತಿದ್ದರೆ ಕಾರ್ಡಿನಲ್ಲಿ ಅವನ ಶ್ರಮ ಕಾಣುವುದಿಲ್ಲ. ಪ್ರಯೋಗಾಲಯಗಳಲ್ಲಿ ಬಳಸುವ 1934ರ ವಾಕ್ಲಿ-ಬ್ಲ್ಯಾಕ್ ವಿಧಾನ ಇಂಗಾಲದ ಮುಕ್ಕಾಲು ಪಾಲನ್ನು ಹಿಡಿದು ಉಳಿದದ್ದನ್ನು ಗುಣಕದಿಂದ ಅಂದಾಜು ಮಾಡುತ್ತದೆ. ಸುಟ್ಟು ಅಳೆಯುವ ಹೊಸ ಯಂತ್ರ ಹೆಚ್ಚು ನಿಖರ. ಆದರೆ ನಮ್ಮ ಎರೆಯಲ್ಲಿ ಸುಣ್ಣದ ಹರಳುಗಳಿವೆ. ಅವುಗಳಲ್ಲೂ ಇಂಗಾಲ ಇದೆ. ಮೊದಲು ಆಮ್ಲ ಹಾಕಿ ಸುಣ್ಣ ತೆಗೆಯದಿದ್ದರೆ ಯಂತ್ರ ಅದನ್ನೂ ಸೇರಿಸಿ ತೋರಿಸುತ್ತದೆ. ವರ್ಷಕ್ಕೆ 0.01ರಷ್ಟೂ ಏರದ ಅಂಕಿಯನ್ನು ಹೊಲಹೊಲದಲ್ಲಿ ವರ್ಷವರ್ಷವೂ ಅಳೆಯಲು ಹೊರಟರೆ ಅಳತೆಯ ಖರ್ಚೇ ರೈತನ ಪಾಲನ್ನು ತಿಂದುಹಾಕುತ್ತದೆ. ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಹೊರತಂದ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಯ ಚೌಕಟ್ಟಿಗೂ ಈ ತೊಡಕು ಬಿಟ್ಟಿದ್ದಲ್ಲ. ಎರಡು-ಮೂರು ಎಕರೆಯ ರೈತ ಒಬ್ಬನೇ ಆ ಮಾರುಕಟ್ಟೆಗೆ ಹೋಗಲಾರ.

ಬೇರೆ ದೇಶಗಳು ಇದಕ್ಕೆ ಒಂದು ದಾರಿ ಕಂಡುಕೊಂಡಿವೆ. ಜಪಾನಿನಲ್ಲಿ ಕಾಂಪೋಸ್ಟ್ ಹಾಕಿದ, ಹಸಿರು ಹೊದಿಕೆ ಬೆಳೆ ಬೆಳೆದ ಹೊಲದ ವಿಸ್ತೀರ್ಣ ನೋಡಿ ರೈತರ ಗುಂಪುಗಳಿಗೆ ನೇರವಾಗಿ ಹಣ ಕೊಡುತ್ತಾರೆ. ಕ್ಯಾಲಿಫೋರ್ನಿಯಾ ತನ್ನ ಮಣ್ಣು ಯೋಜನೆಯಲ್ಲಿ ಕಾಂಪೋಸ್ಟ್ ಹರಡುವ ರೈತನಿಗೆ ಎಕರೆ ಲೆಕ್ಕದಲ್ಲಿ ಕೊಡುತ್ತದೆ. ಹಣ ಸಿಗುವುದು ಹೊಲದವನು ಕೆಲಸ ಮಾಡಿದ್ದಾನೆಯೇ ಎಂಬುದರ ಮೇಲೆ. ಮಣ್ಣಿನಲ್ಲಿ ಇಂಗಾಲ ಎಷ್ಟು ಏರಿತು ಎಂಬುದರ ಮೇಲಲ್ಲ.

ಇಲ್ಲಿಯೂ ಅದು ಸಾಧ್ಯ. ತಿಪ್ಪೆಯೋ, ಕುರಿಯೋ, ಕೆರೆಗೋಡೋ, ಸುಡದೆ ಉಳಿಸಿದ ಹುಲ್ಲೋ, ಎಕರೆಗೆ ಇಷ್ಟು ಎಂದು ಗ್ರಾಮಸಭೆಯ ಮುಂದೆ ಬರೆಸಿ, ಐದು ವರ್ಷ ಬಿಡದೆ ನಡೆಸಿದವನ ಖಾತೆಗೆ ಹಣ ಹಾಕುವುದು. ತಿಪ್ಪೆ ಹೊರುವ ಕೈ ಹೆಂಗಸರದಾದ್ದರಿಂದ ಖಾತೆ ಅವರ ಹೆಸರಿನಲ್ಲಿರುವುದು ನ್ಯಾಯ. ಮಣ್ಣಿನ ಅಳತೆ ಬೇರೆಯಾಗಿ ನಡೆಯಲಿ: ಪ್ರತಿ ಹೋಬಳಿಯಲ್ಲಿ ಎರೆ ಒಂದು, ಮಸಾರಿ ಒಂದು, ನೀರಾವರಿ ಇದ್ದರೆ ಗದ್ದೆ ಒಂದು, ಹೀಗೆ ಗುರುತಿಟ್ಟ ಹೊಲಗಳು. ಅದೇ ಜಾಗ, ಅದೇ ಆಳ, ಅದೇ ವಿಧಾನ, ಐದು ವರ್ಷಕ್ಕೊಮ್ಮೆ. ತುಂಗಭದ್ರೆಯ ದಂಡೆಯ ದಡೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ರಾಯಚೂರಿನಲ್ಲಿ 2009ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಅವರ ಕೈಗೆ ಈ ಕೆಲಸ ಬರಲಿ. ಹಿಂಗಾರಿ ಕೊಯ್ಲಾಗಿ ಮುಂಗಾರು ಬಿತ್ತುವ ತನಕ ಹೊಲಗಳು ಖಾಲಿ ಇರುತ್ತವೆ. ಮೊದಲ ಮಾದರಿ ತೆಗೆಯಲು ಅದೇ ಹೊತ್ತು. ಟನ್ನಿಗೆ 1,500 ರೂಪಾಯಿಯ ಹಾಗೆ ಒಂದು ಸಾವಿರ ಟನ್ ಚೀಲದ ಗೊಬ್ಬರಕ್ಕೆ ಹೋಗುವುದು 15 ಲಕ್ಷ. ಮೂರು ತಾಲ್ಲೂಕಿನ ಹೋಬಳಿಗಳಲ್ಲಿ ಗುರುತಿಟ್ಟ ಹೊಲಗಳ ಮಣ್ಣು ತೆಗೆದು ಪರೀಕ್ಷೆ ಮಾಡಲು ಅಷ್ಟು ಹಣವೂ ಬೇಕಾಗಲಾರದು.